ಮೂರು ಸೆಕೆಂಡಿನ ರೆಪ್ಪೆ

ಕೆಲವು ಹಳೇ ಸ್ಪೋರ್ಟ್ಸ್ ಕಾರುಗಳ ಮುಖದಲ್ಲಿ ಹಗಲು ಹೊತ್ತು ದೀಪವೇ ಕಾಣುವುದಿಲ್ಲ. ಸ್ವಿಚ್ ಒತ್ತಿದರೆ ಮಾತ್ರ ಮೂತಿಯ ಎರಡೂ ಬದಿಯ ಮುಚ್ಚಳಗಳು ಮೇಲೆದ್ದು, ಕಪ್ಪೆ ಕಣ್ಣು ಬಿಟ್ಟ ಹಾಗೆ ಹೆಡ್‌ಲೈಟುಗಳು ಹೊರಗೆ ಬರುತ್ತವೆ. ಇದಕ್ಕೇ ಪಾಪ್-ಅಪ್ ಹೆಡ್‌ಲೈಟ್ ಅನ್ನೋದು. ಈಗ ಈ ಕಾರುಗಳಿಗೆಲ್ಲ ವಯಸ್ಸಾಗಿದೆ. ಒಂದು ಕಾಲದಲ್ಲಿ ಫಟ್ಟನೆ ಏಳುತ್ತಿದ್ದ ದೀಪ, ಪರೀಕ್ಷೆ ಮುಗಿದ ಮರುದಿನದ ಹಾಸ್ಟೆಲ್ ಹುಡುಗನ ಹಾಗೆ ಏಳುತ್ತದೆ... ಒಂದು ಕಣ್ಣು ಮೊದಲು, ಇನ್ನೊಂದು ಆಮೇಲೆ.

ನೋಡೋಕೆ ತಮಾಷೆ, ನಿಜ. ಆದರೆ ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡಿರುತ್ತದೆ. ಕತ್ತಲಲ್ಲಿ ದೀಪ ಏಳೋದು ಮೂರು ಸೆಕೆಂಡು ತಡವಾದರೆ 66 ಮೀಟರ್ ಕುರುಡು ಪಯಣ! ಹಾಗಾಗಿ ಈ ಸೋಮಾರಿತನವನ್ನು ರಿಪೇರಿ ಮಾಡಲೇಬೇಕು. ರಿಪೇರಿ ಹೇಗೆ ಅನ್ನೋದು ದೀಪವನ್ನು ಎತ್ತುವ ಶಕ್ತಿ ಯಾವುದು ಅನ್ನೋದರ ಮೇಲೆ ನಿಂತಿದೆ. ಆ ಶಕ್ತಿಗೆ ಒಂದು ಇತಿಹಾಸವೇ ಇದೆ: ಮೊದಲು ಕೈ, ಆಮೇಲೆ ಗಾಳಿ ಮತ್ತು ವಿದ್ಯುತ್ತು.

ಕೈಯಿಂದ ಶುರುಮಾಡೋಣ. 1936ರ ಅಮೆರಿಕದ ಕಾರ್ಡ್ 810 ಕಾರನ್ನು ವಿನ್ಯಾಸ ಮಾಡಿದವರು ಗಾರ್ಡನ್ ಬ್ಯೂರಿಗ್. ಅದರ ದೀಪಗಳು ಮುಂದಿನ ಮಡ್‌ಗಾರ್ಡಿನೊಳಗೆ ಅಡಗಿ ಕೂತಿರುತ್ತಿದ್ದವು. ಕಂಪನಿಯ ಒಡೆಯ ಇ. ಎಲ್. ಕಾರ್ಡ್ ಅವರ ಕೈಯಲ್ಲಿ ಸ್ಟಿನ್ಸನ್ ವಿಮಾನ ಕಂಪನಿಯೂ ಇತ್ತು. ವಿಮಾನದ ಲ್ಯಾಂಡಿಂಗ್ ದೀಪವೇ ಕಾರಿಗೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಎರಡು ಹಿಡಿಕೆ, ದೀಪಕ್ಕೊಂದರಂತೆ. ತಿರುಗಿಸಿದರೆ ದೀಪ ಮೇಲೆ. ಇಲ್ಲಿ ತಡವಾದರೆ ಸೋಮಾರಿ ಯಾರು ಅಂತ ಹೇಳಬೇಕಿಲ್ಲವಲ್ಲ!

1940ರಲ್ಲಿ ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ 7 ಇಂಚಿನ ದುಂಡನೆಯ ಸೀಲ್ಡ್ ಬೀಮ್ ದೀಪವೇ ಪ್ರಮಾಣವಾಯಿತು. ದೀಪ ನೆಲದಿಂದ ಇಂತಿಷ್ಟು ಎತ್ತರದಲ್ಲಿರಬೇಕು ಎಂಬ ನಿಯಮವೂ ಇತ್ತು. ಅರವತ್ತರ ದಶಕದ ವಿನ್ಯಾಸಕಾರರಿಗೋ ಗಾಳಿ ಸೀಳುವ, ನೆಲಕ್ಕೆ ತಾಗುವಂಥ ಚೂಪು ಮೂತಿ ಬೇಕಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಗಲು ದೀಪವನ್ನು ಒಳಗೆ ಮಡಚಿಡು, ರಾತ್ರಿ ನಿಯಮದ ಎತ್ತರಕ್ಕೆ ಎತ್ತು! 1963ರ ಕಾರ್ವೆಟ್‌ನಲ್ಲಿ ದೀಪ ತಿರುಗಿಸಲು ವಿದ್ಯುತ್ ಮೋಟಾರು ಬಂತು.

ಅದಕ್ಕೂ ಒಂದು ವರ್ಷ ಮೊದಲೇ, 1962ರ ಬ್ರಿಟನ್ನಿನ ಲೋಟಸ್ ಇಲಾನ್ ಗಾಳಿಯ ದಾರಿ ಹಿಡಿದಿತ್ತು. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಇನ್‌ಟೇಕ್ ಕೊಳವೆಯಲ್ಲಿ ಹುಟ್ಟುವ ನಿರ್ವಾತವೇ ದೀಪವನ್ನು ಎತ್ತುತ್ತಿತ್ತು. ಆ ನಿರ್ವಾತವನ್ನು ಚಾಸಿಯ ಮುಂದಿನ ಅಡ್ಡ ತೊಲೆಯ ಟೊಳ್ಳಿನಲ್ಲಿ ಕೂಡಿಟ್ಟುಕೊಳ್ಳುತ್ತಿದ್ದರು. ಬುದ್ಧಿವಂತಿಕೆಯೇ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇನ್‌ಟೇಕ್‌ನಲ್ಲಿ ನಿರ್ವಾತ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಜತೆಗೆ ಎಲ್ಲೋ ಒಂದು ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ, ರಾತ್ರಿ ಲಾರಿಯನ್ನು ಓವರ್‌ಟೇಕ್ ಮಾಡುವ ಹೊತ್ತಿಗೇ ದೀಪ ತೂಕಡಿಸತೊಡಗುತ್ತದೆ!

1968ರ ಕಾರ್ವೆಟ್ ಕೂಡ ನಿರ್ವಾತವನ್ನೇ ನೆಚ್ಚಿತು. ಇಂಥ ಕಾರುಗಳಲ್ಲಿ ದೀಪ ನಿಧಾನವಾದರೆ ರೋಗ ಹೆಚ್ಚಾಗಿ ಸೋರಿಕೆಯೇ. ಎಂಜಿನ್ ಆರಿಸಿದ ಮೇಲೂ ಕೂಡಿಟ್ಟ ನಿರ್ವಾತ ಸ್ವಲ್ಪ ಹೊತ್ತು ಉಳಿಯಬೇಕು. ಉಳಿಯದಿದ್ದರೆ ಪೈಪುಗಳನ್ನು ಒಂದೊಂದಾಗಿ ಮುಚ್ಚಿ ನೋಡುತ್ತಾ ಹೋಗುವುದು. ಯಾವುದನ್ನು ಮುಚ್ಚಿದಾಗ ಸೋರಿಕೆ ನಿಲ್ಲುತ್ತದೋ ಕಳ್ಳ ಅದರಾಚೆ ಇದ್ದಾನೆ. ನಾವು ಕೋಡ್‌ನಲ್ಲಿ ಬಗ್ ಹುಡುಕುವಾಗ ಅರ್ಧರ್ಧ ಕಾಮೆಂಟ್ ಮಾಡುತ್ತೇವಲ್ಲ, ಹಾಗೇ. ನಿರ್ವಾತ ಹಿಂದಕ್ಕೆ ಹೋಗದಂತೆ ತಡೆಯುವ ಏಕಮುಖ ವಾಲ್ವನ್ನೂ ಮರೆಯದೆ ನೋಡಬೇಕು.

ನನಗೆ ತುಂಬಾ ಹಿಡಿಸಿದ ಘಟ್ಟ ಇದರ ನಂತರದ್ದು. 1969ರ ಜನವರಿ 1ರಿಂದ ಅಮೆರಿಕದಲ್ಲಿ 112ನೇ ಸಂಖ್ಯೆಯ ಸುರಕ್ಷತಾ ನಿಯಮ ಜಾರಿಗೆ ಬಂತು, ಬರೀ ಅಡಗುವ ದೀಪಗಳಿಗಾಗಿಯೇ. ಅದರ ಸಾರ ಮೂರೇ ಮಾತು. ಒಂದು, ಉರಿಯುತ್ತಿರುವ ದೀಪ ಶಕ್ತಿ ಹೋದರೂ ಮುಚ್ಚಿಕೊಳ್ಳಬಾರದು. ಎರಡು, ಯಂತ್ರ ಕೆಟ್ಟರೆ ಯಾವ ಸ್ಪ್ಯಾನರ್ರೂ ಇಲ್ಲದೆ ದೀಪ ತೆರೆಯಲು ಬರಬೇಕು. ಮೂರು, ಮೈನಸ್ 20ರಿಂದ 120 ಡಿಗ್ರಿ ಫ್ಯಾರನ್‌ಹೀಟ್‌ವರೆಗಿನ ಯಾವ ಹವೆಯಲ್ಲೂ ಮೂರು ಸೆಕೆಂಡಿನೊಳಗೆ ದೀಪ ಪೂರ್ತಿ ತೆರೆಯಬೇಕು. ನೋಡಿ, 'ನಿಧಾನ' ಅಂದರೆ ಎಷ್ಟು ಅನ್ನೋದಕ್ಕೆ ಕಾನೂನೇ ಅಳತೆ ಕೊಟ್ಟುಬಿಟ್ಟಿತು! ಅಮೆರಿಕಕ್ಕೆ ಹೋದ ನಂತರದ ಇಲಾನ್‌ಗಳಲ್ಲಿ ತರ್ಕವೇ ತಿರುಗುಮುರುಗಾಯಿತು. ನಿರ್ವಾತ ದೀಪವನ್ನು ಕೆಳಗೆ ಹಿಡಿದಿಡುತ್ತದೆ, ಅದು ಹೋದರೆ ಸ್ಪ್ರಿಂಗು ಮೇಲೆತ್ತುತ್ತದೆ. ಕೆಟ್ಟರೂ ಬೆಳಕಿನ ಕಡೆಗೇ ಕೆಡಲಿ, ಅಷ್ಟೇ.

ಕೊನೆಗೆ ಗೆದ್ದದ್ದು ವಿದ್ಯುತ್ತು. 1976ರ ಪೋರ್ಶೆ 924ರಲ್ಲಿ ಒಂದೇ ಮೋಟಾರು ಎರಡೂ ದೀಪ ಎತ್ತುತ್ತದೆ. 1989ರಲ್ಲಿ ಬಂದ ಮಾಜ್ದಾ ಮಿಯಾಟಾದಲ್ಲಿ ಕಣ್ಣಿಗೊಂದು ಮೋಟಾರು. ಹಾಗಾಗಿ ಮಿಯಾಟಾದಲ್ಲಿ ಒಂದೇ ಕಣ್ಣು ನಿಧಾನವಾದರೆ ದೋಷ ಬಹುತೇಕ ಆ ಬದಿಯ ಮೋಟಾರು, ಕೀಲು ಅಥವಾ ಅದರ ವಯರಿನಲ್ಲಿ. ಎರಡೂ ನಿಧಾನವಾದರೆ ಮೊದಲು ಬ್ಯಾಟರಿ ಮತ್ತು ಅರ್ತ್ ವಯರು ನೋಡಬೇಕು. ಮುಟ್ಟುವ ಮೊದಲು ಫ್ಯೂಸ್ ತೆಗೆಯಲೇಬೇಕು, ಇಲ್ಲದಿದ್ದರೆ ಬೆರಳಿಗೆ ಅಪಾಯ. ಕೀಲಿನ ಕಡ್ಡಿ ಕಳಚಿ, ಮೋಟಾರನ್ನು ಮಾತ್ರ ಓಡಿಸಿ ನೋಡಿದರೆ ತಪ್ಪು ಯಾರದ್ದು ಅಂತ ಗೊತ್ತಾಗುತ್ತದೆ. ಬಹಳ ಸಲ ಮೋಟಾರು ನಿರಪರಾಧಿ! ಹಳೇ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ತೊಳೆದು ಹೊಸದು ಹಚ್ಚಿದರೆ ಸಾಕು. ಇಲ್ಲವೇ ಕನೆಕ್ಟರಿನ ಕಿಲುಬು 12 ವೋಲ್ಟಿನಲ್ಲಿ ಒಂದೆರಡನ್ನು ನುಂಗಿರುತ್ತದೆ. ಮೋಟಾರು ಓಡುತ್ತಿರುವಾಗಲೇ ಅದರ ತುದಿಯಲ್ಲಿ ಅಳೆದರೆ ಸಿಕ್ಕಿಬೀಳುತ್ತದೆ. ಏನೂ ಆಗದಿದ್ದರೆ ಮೋಟಾರಿನ ಮೇಲಿನ ಪುಟ್ಟ ಗುಬುಟನ್ನು ಕೈಯಲ್ಲೇ ತಿರುಗಿಸಿ ದೀಪ ಎತ್ತಬಹುದು. ಸ್ಪ್ಯಾನರ್ ಬೇಡ. 112ನೇ ನಿಯಮದ ಎರಡನೇ ಮಾತು ಅಲ್ಲಿ ಗುಬುಟಾಗಿ ಕೂತಿದೆ.

ಎಂಬತ್ತರ ದಶಕದಲ್ಲಿ ಅಮೆರಿಕ ಬೇಕಾದ ಆಕಾರದ ದೀಪಗಳಿಗೆ ಒಪ್ಪಿಗೆ ಕೊಟ್ಟ ಮೇಲೆ ದೀಪ ಮಡಚುವ ಅಗತ್ಯ ಹೋಯಿತು. ಪಾದಚಾರಿಗಳಿಗೆ ಪೆಟ್ಟಾಗದಂತೆ ಕಾರಿನ ಮುಂಭಾಗ ನುಣುಪಾಗಿರಬೇಕೆಂಬ ಯುರೋಪಿನ ಕಾಳಜಿಯೂ ಸೇರಿತು. 2004ರಲ್ಲಿ ಕಾರ್ವೆಟ್ ಸಿ5 ಮತ್ತು ಲೋಟಸ್ ಎಸ್ಪ್ರಿಟ್ ನಿಂತವು, ಅವುಗಳೊಂದಿಗೆ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿದ್ದ ಪಾಪ್-ಅಪ್ ದೀಪಗಳ ಕಥೆಯೂ ಮುಗಿಯಿತು.

ಆದರೆ ಆ ನಿಯಮ ಕೇಳಿದ ಪ್ರಶ್ನೆ ಮುಗಿದಿಲ್ಲ. ಇವತ್ತಿನ ಕೆಲವು ಕಾರುಗಳಲ್ಲಿ ಬಾಗಿಲ ಹಿಡಿಕೆಯೂ ಒಳಗೆ ಅಡಗಿರುತ್ತದೆ, ಕರೆಂಟು ಬಂದರೆ ಮಾತ್ರ ಹೊರಗೆ ಬರುತ್ತದೆ. ಕರೆಂಟು ಹೋದರೆ? ಅದಕ್ಕೊಂದು ಗುಬುಟು ಎಲ್ಲಿದೆ?