ಕಡಿಮೆ ಬಜೆಟ್‌ನಲ್ಲಿ ಪಿಸಿ ಜೋಡಿಸುತ್ತೀರಾ? ಪ್ರೊಸೆಸರ್, ಮದರ್‌ಬೋರ್ಡ್ ಕೊಳ್ಳುವ ಮುನ್ನ ಇವಿಷ್ಟು ತಿಳಿದಿರಲಿ

ಮುಂಬೈನ ಲ್ಯಾಮಿಂಗ್ಟನ್ ರಸ್ತೆ ಇರಲಿ, ದೆಹಲಿಯ ನೆಹರು ಪ್ಲೇಸ್ ಇರಲಿ, ಚೆನ್ನೈನ ರಿಚಿ ಸ್ಟ್ರೀಟ್ ಅಥವಾ ಬೆಂಗಳೂರಿನ ಎಸ್‌ಪಿ ರಸ್ತೆ ಇರಲಿ, ಅಂಗಡಿಗೆ ಹೋಗಿ 'ಕಡಿಮೆ ಬಜೆಟ್‌ನಲ್ಲಿ ಒಂದು ಪಿಸಿ ಬೇಕು' ಎಂದರೆ ಮೊದಲು ಎದುರಾಗುವ ಪ್ರಶ್ನೆ 'ಐ3 ಬೇಕಾ, ಐ5 ಬೇಕಾ?' ಎಂಬುದು. ಹೆಚ್ಚಿನವರು ಅದಕ್ಕೆ ಉತ್ತರ ಹೇಳಿ ಉಳಿದದ್ದನ್ನು ಅಂಗಡಿಯವರಿಗೇ ಬಿಟ್ಟುಬಿಡುತ್ತಾರೆ. ಮದರ್‌ಬೋರ್ಡ್ ಯಾವುದು ಎಂದು ವಿಚಾರಿಸುವವರು ಕಡಿಮೆ.

ದುಡ್ಡು ಪೋಲಾಗುವುದು ಇಲ್ಲೇ. ರ‍್ಯಾಮ್ ಸಾಲದಿದ್ದರೆ ಮುಂದಿನ ವರ್ಷ ಇನ್ನೊಂದು ಹಾಕಿಸಬಹುದು. ಎಸ್‌ಎಸ್‌ಡಿ ಚಿಕ್ಕದಾದರೆ ದೊಡ್ಡದನ್ನು ಸೇರಿಸಬಹುದು. ಗ್ರಾಫಿಕ್ಸ್ ಕಾರ್ಡ್ ಕೂಡ ನಂತರ ಕೊಳ್ಳಬಹುದು. ಆದರೆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಜೋಡಿ ತಪ್ಪಾದರೆ ಎರಡನ್ನೂ ತೆಗೆಯಬೇಕು, ಅನೇಕ ಸಲ ಜೊತೆಗೆ ರ‍್ಯಾಮ್ ಕೂಡ ಬದಲಾಗಬೇಕು. ಹೀಗಾಗಿ ಪ್ರೊಸೆಸರ್ ಒಂದನ್ನೇ ನೋಡದೆ, ಜೋಡಿಯಾಗಿ ಲೆಕ್ಕ ಹಾಕುವುದೇ ಜಾಣತನ.

ಐ5 ಎಂಬ ಹೆಸರಿಗೆ ಮರುಳಾಗಬೇಡಿ

'ಐ5 ಪ್ರೊಸೆಸರ್, ಹೊಸ ಬೋರ್ಡ್, ಅತಿ ಕಡಿಮೆ ಬೆಲೆ' ಎಂಬ ಕಾಂಬೊ ಆಫರ್‌ಗಳು ಆನ್‌ಲೈನ್‌ನಲ್ಲೂ ಮಾರುಕಟ್ಟೆಯಲ್ಲೂ ಸಾಕಷ್ಟಿವೆ. ಇವುಗಳಲ್ಲಿ ಅನೇಕವು ಎಚ್61 ಅಥವಾ ಎಚ್81 ಚಿಪ್‌ಸೆಟ್‌ನ ಬೋರ್ಡ್‌ಗಳು. ಇವುಗಳಲ್ಲಿ ಕೂರುವುದು ಇಂಟೆಲ್‌ನ 2ರಿಂದ 4ನೇ ತಲೆಮಾರಿನ ಪ್ರೊಸೆಸರ್‌ಗಳು. ಅಂದರೆ ಹತ್ತು ವರ್ಷಕ್ಕೂ ಹಳೆಯವು, ಯಾವುದೋ ಕಚೇರಿಯ ಕಂಪ್ಯೂಟರ್‌ನಿಂದ ತೆಗೆದವು. ಬೋರ್ಡ್ ಹೊಸದಾಗಿ ತಯಾರಾಗಿದ್ದರೂ ತಂತ್ರಜ್ಞಾನ ಹಳೆಯದೇ.

ಒಂದು ಉದಾಹರಣೆ ನೋಡಿ. 2012ರಲ್ಲಿ ಬಂದ ಕೋರ್ ಐ5-3470ರಲ್ಲಿ 4 ಕೋರ್, 4 ಥ್ರೆಡ್ ಇವೆ. 2022ರಲ್ಲಿ ಬಂದ ಕೋರ್ ಐ3-12100ರಲ್ಲಿ 4 ಕೋರ್, 8 ಥ್ರೆಡ್ ಇವೆ, ಪ್ರತಿ ಕೋರ್‌ನ ವೇಗವೂ ಬಹಳ ಹೆಚ್ಚು. ಹೆಸರಲ್ಲಿ ಕೆಳಗಿನ ದರ್ಜೆಯದಾದರೂ ಈ ಐ3 ಎಲ್ಲ ಕೆಲಸದಲ್ಲೂ ಹಳೆಯ ಐ5 ಅನ್ನು ಹಿಂದಿಕ್ಕುತ್ತದೆ.

ತಲೆಮಾರು ತಿಳಿಯುವುದು ಕಷ್ಟವೇನಲ್ಲ. ಐ5-12400 ಎಂದಿದ್ದರೆ ಮೊದಲ ಎರಡು ಅಂಕಿ, ಅಂದರೆ 12, ಅದರ ತಲೆಮಾರು. ಐ5-3470 ಎಂದು ನಾಲ್ಕೇ ಅಂಕಿ ಇದ್ದರೆ ಮೊದಲ ಅಂಕಿ 3 ಅದರ ತಲೆಮಾರು.

ಇನ್ನೊಂದು ಮುಖ್ಯ ಕಾರಣವೂ ಇದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಸುಮಾರಾಗಿ ಇಂಟೆಲ್ 8ನೇ ತಲೆಮಾರು ಅಥವಾ ಎಎಂಡಿ ರೈಜೆನ್ 2000 ಸರಣಿ ಹಾಗೂ ನಂತರದ ಪ್ರೊಸೆಸರ್ ಬೇಕು. ಹಳೆಯ ಪಿಸಿಯಲ್ಲಿ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಆದರೆ ಅಂಥ ಪಿಸಿಗೆ ಅಪ್‌ಡೇಟ್ ಸಿಗುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮಕ್ಕಳ ಓದಿಗೆ, ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಪಿಸಿಗೆ ಇದು ಸಣ್ಣ ವಿಷಯವಲ್ಲ.

ಸಾಕೆಟ್ ಹೊಂದಬೇಕು, ಚಿಪ್‌ಸೆಟ್ ಕೂಡ ಒಪ್ಪಬೇಕು

ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಹೊಸ ಪಿಸಿ ಜೋಡಿಸುವವರು ಮುಖ್ಯವಾಗಿ ನಾಲ್ಕು ಸಾಕೆಟ್‌ಗಳನ್ನು ತಿಳಿದಿದ್ದರೆ ಸಾಕು.

* ಎಎಂ4 (ಎಎಂಡಿ): ರೈಜೆನ್ 5000 ಸರಣಿವರೆಗಿನ ಪ್ರೊಸೆಸರ್‌ಗಳಿಗೆ. ಡಿಡಿಆರ್4 ರ‍್ಯಾಮ್ ಬೇಕು.
* ಎಎಂ5 (ಎಎಂಡಿ): 2022ರಲ್ಲಿ ಬಂದದ್ದು. ರೈಜೆನ್ 7000 ಮತ್ತು ನಂತರದ ಸರಣಿಗಳಿಗೆ. ಡಿಡಿಆರ್5 ಮಾತ್ರ.
* ಎಲ್‌ಜಿಎ 1700 (ಇಂಟೆಲ್): 12, 13, 14ನೇ ತಲೆಮಾರುಗಳಿಗೆ. ಬೋರ್ಡ್‌ಗೆ ತಕ್ಕಂತೆ ಡಿಡಿಆರ್4 ಅಥವಾ ಡಿಡಿಆರ್5.
* ಎಲ್‌ಜಿಎ 1851 (ಇಂಟೆಲ್): 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ. ಡಿಡಿಆರ್5 ಮಾತ್ರ.

ಸಾಕೆಟ್ ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲವೂ ಹೊಂದುತ್ತದೆ ಎಂದಲ್ಲ. ಇಂಟೆಲ್‌ನ 6, 7ನೇ ತಲೆಮಾರಿಗೂ 8, 9ನೇ ತಲೆಮಾರಿಗೂ ಸಾಕೆಟ್ ಹೆಸರು ಎಲ್‌ಜಿಎ 1151 ಎಂದೇ ಇತ್ತು. ಆದರೂ ಎಚ್110 ಬೋರ್ಡ್‌ನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ಹಾಕಿದರೆ ಕೆಲಸ ಮಾಡದು, ಅದಕ್ಕೆ ಎಚ್310ರಂಥ 300 ಸರಣಿಯ ಬೋರ್ಡ್ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೋಸಹೋಗುವುದು ಇಂಥ ಕಡೆಯೇ. ಬೋರ್ಡ್ ತಯಾರಿಸಿದ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಮಾಡೆಲ್‌ಗೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಕೊಳ್ಳುವ ಮುನ್ನ ಅದನ್ನು ನೋಡಲು ಎರಡು ನಿಮಿಷ ಸಾಕು.

ಗ್ರಾಫಿಕ್ಸ್ ಕಾರ್ಡ್ ಕೊಳ್ಳುತ್ತೀರಾ, ಇಲ್ಲವಾ?

ಬಜೆಟ್ ಪಿಸಿಯಲ್ಲಿ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಇದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮಾನಿಟರ್‌ನಲ್ಲಿ ಚಿತ್ರ ಮೂಡಿಸುವ ಕೆಲಸವನ್ನು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮಾಡಬೇಕು. ಎಲ್ಲ ಪ್ರೊಸೆಸರ್‌ಗಳಲ್ಲೂ ಅದು ಇರುವುದಿಲ್ಲ.

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಐ3-12100ಎಫ್, ಐ5-12400ಎಫ್ ಸ್ವಲ್ಪ ಅಗ್ಗವಾಗಿ ಸಿಗುವುದು ಇದೇ ಕಾರಣಕ್ಕೆ. ಎಎಂ4ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ರೈಜೆನ್ 5 5600ಜಿ ಹಾಗೆ 'ಜಿ' ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತದೆ. ರೈಜೆನ್ 5 5500 ಮತ್ತು 5600ರಲ್ಲಿ ಇಲ್ಲ. ಎಎಂ5ನ ರೈಜೆನ್ 7000 ಸರಣಿಯಲ್ಲಿ ಸಾಮಾನ್ಯವಾಗಿ ಚಿಕ್ಕ ಗ್ರಾಫಿಕ್ಸ್ ಇರುತ್ತದೆ, ಆದರೆ 7500ಎಫ್‌ನಂಥ 'ಎಫ್' ಮಾಡೆಲ್‌ಗಳಲ್ಲಿ ಇಲ್ಲ.

ಅಗ್ಗವೆಂದು 'ಎಫ್' ಪ್ರೊಸೆಸರ್ ತಂದು, ಮನೆಯಲ್ಲಿ ಎಲ್ಲ ಜೋಡಿಸಿದ ಮೇಲೆ ಪರದೆ ಕಪ್ಪಾಗಿಯೇ ಉಳಿದಾಗ ಗಾಬರಿಯಾಗುವವರಿದ್ದಾರೆ. ಬೋರ್ಡ್‌ನಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದರೂ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಆ ಪೋರ್ಟ್ ಉಪಯೋಗಕ್ಕೆ ಬಾರದು.

ಯಾವ ಚಿಪ್‌ಸೆಟ್ ಸಾಕು?

ಬಜೆಟ್ ಪಿಸಿಗೆ ದುಬಾರಿ ಬೋರ್ಡ್ ಬೇಕಿಲ್ಲ. ಹಾಗೆಂದು ಅತಿ ಅಗ್ಗದ ಬೋರ್ಡ್ ಎಲ್ಲರಿಗೂ ಸರಿಹೊಂದುವುದೂ ಇಲ್ಲ.

ಇಂಟೆಲ್ 12ರಿಂದ 14ನೇ ತಲೆಮಾರಿಗೆ ಎಚ್610 ಅತಿ ಅಗ್ಗದ ಆಯ್ಕೆ. ಇದರಲ್ಲಿ ಎರಡೇ ರ‍್ಯಾಮ್ ಸ್ಲಾಟ್ ಇರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಎಸ್‌ಎಸ್‌ಡಿಗೆ ಬೇಕಾದ ಎಂ.2 ಸ್ಲಾಟ್ ಕೂಡ ಇರುವುದಿಲ್ಲ, ಹಾಗಾಗಿ ನೋಡಿಯೇ ಕೊಳ್ಳಬೇಕು. ಬಿ660 ಮತ್ತು ಬಿ760 ಬೋರ್ಡ್‌ಗಳಲ್ಲಿ ವೇಗದ ಎಂ.2 ಸ್ಲಾಟ್, ಹೆಚ್ಚು ಯುಎಸ್‌ಬಿ ಪೋರ್ಟ್, ರ‍್ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೌಲಭ್ಯ ಸಿಗುತ್ತವೆ.

ಎಎಂ4ನಲ್ಲಿ ಎ520 ಅಗ್ಗ, ಬಿ550 ಅದಕ್ಕಿಂತ ಮೇಲು. ಎ520ರಲ್ಲಿ ಪಿಸಿಐಇ 3.0 ಮಾತ್ರ ಇದ್ದು, ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲಾಗದು. ಬಿ550ಯಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೂ ಒಂದು ಎಸ್‌ಎಸ್‌ಡಿಗೂ ಪಿಸಿಐಇ 4.0 ಸಿಗುತ್ತದೆ. ಎಎಂ5ನಲ್ಲಿ ಇದೇ ರೀತಿ ಎ620 ಮತ್ತು ಬಿ650 ಇವೆ.

ಇನ್ನೊಂದು ಎಚ್ಚರ. ಇಂಟೆಲ್‌ನ 'ಕೆ' ಪ್ರೊಸೆಸರ್‌ಗಳನ್ನು ಓವರ್‌ಕ್ಲಾಕ್ ಮಾಡಲು ಝಡ್ ಸರಣಿಯ ಬೋರ್ಡ್ ಬೇಕು. ಅವುಗಳ ಬಾಕ್ಸ್‌ನಲ್ಲಿ ಕೂಲರ್ ಕೂಡ ಬರುವುದಿಲ್ಲ. ಎಚ್610 ಬೋರ್ಡ್‌ಗೆ 'ಕೆ' ಪ್ರೊಸೆಸರ್ ಕೊಳ್ಳುವುದು ಉಪಯೋಗಿಸಲಾಗದ ಸೌಲಭ್ಯಕ್ಕೆ ಹಣ ಕೊಟ್ಟಂತೆ. ಅಲ್ಲದೆ ಐ5-12400 ಗರಿಷ್ಠ 117 ವ್ಯಾಟ್ ಬಳಸಿದರೆ, ಐ9-13900ಕೆ 253 ವ್ಯಾಟ್‌ವರೆಗೆ ಹೋಗುತ್ತದೆ. ಅಗ್ಗದ ಬೋರ್ಡ್‌ನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಪೂರೈಸುವ ಭಾಗ ಇಷ್ಟು ಹೊರೆಗೆ ಬಿಸಿಯಾಗಿ ಇಡೀ ಪಿಸಿಯ ವೇಗ ಇಳಿಯುತ್ತದೆ.

ರ‍್ಯಾಮ್ ಲೆಕ್ಕ ಮರೆಯಬೇಡಿ

ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಎಲ್‌ಜಿಎ 1700 ಬೋರ್ಡ್ ಕೊಳ್ಳುವಾಗ ಅದು ಯಾವ ರ‍್ಯಾಮ್‌ನದು ಎಂದು ಬಾಕ್ಸ್ ಮೇಲೆ ಓದಿಕೊಳ್ಳಿ.

ಎಐ ಡೇಟಾ ಸೆಂಟರ್‌ಗಳಿಂದ ಬೇಡಿಕೆ ಹೆಚ್ಚಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿಯಿತು. ಕ್ರೂಷಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯವಹಾರದಿಂದ ಹೊರನಡೆಯುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಾಗಿ ಹಳೆಯ ಪಿಸಿಯಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ, ಅದನ್ನೇ ಬಳಸಬಹುದಾದ ಎಎಂ4 ಅಥವಾ ಎಲ್‌ಜಿಎ 1700 ಬೋರ್ಡ್ ಆರಿಸುವುದರಿಂದ ಒಳ್ಳೆಯ ಉಳಿತಾಯವಾಗುತ್ತದೆ. ಡಿಡಿಆರ್3 ಆಗಿದ್ದರೆ ಅದು ಇವಾವುದಕ್ಕೂ ಹೊಂದದು.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ 16 ಜಿಬಿಯ ಒಂದು ರ‍್ಯಾಮ್‌ಗಿಂತ 8 ಜಿಬಿಯ ಎರಡು ಉತ್ತಮ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್ ಅನ್ನು ಬಳಸುವುದರಿಂದ, ಎರಡು ಹಾಕಿದಾಗ ಗೇಮ್‌ಗಳ ವೇಗದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಯಾರಿಗೆ ಯಾವ ಜೋಡಿ?

ಓದು, ಆನ್‌ಲೈನ್ ತರಗತಿ, ಟ್ಯಾಲಿ, ಕಚೇರಿ ಕೆಲಸ: ಕೋರ್ ಐ3-12100 ಮತ್ತು ಎಂ.2 ಸ್ಲಾಟ್ ಇರುವ ಎಚ್610 ಬೋರ್ಡ್. ಗ್ರಾಫಿಕ್ಸ್ ಒಳಗೇ ಇದೆ. ಮುಂದೆ ಅದೇ ಬೋರ್ಡ್‌ಗೆ ಐ5-12400 ಹಾಕಿಕೊಳ್ಳಬಹುದು.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಹಗುರ ಗೇಮ್, ಸಣ್ಣಪುಟ್ಟ ವಿಡಿಯೋ ಎಡಿಟಿಂಗ್: ರೈಜೆನ್ 5 5600ಜಿ ಮತ್ತು ಎ520 ಅಥವಾ ಬಿ550 ಬೋರ್ಡ್. 6 ಕೋರ್, 12 ಥ್ರೆಡ್ ಇರುವ ಇದರ ಒಳಗಿನ ಗ್ರಾಫಿಕ್ಸ್ ಐ3-12100ಕ್ಕಿಂತ ಬಲವಾದುದು. ವ್ಯಾಲರಂಟ್‌ನಂಥ ಗೇಮ್‌ಗಳಿಗೆ ಸಾಕು.

ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮಿಂಗ್: ಐ5-12400ಎಫ್ ಮತ್ತು ಬಿ660 ಅಥವಾ ಬಿ760, ಇಲ್ಲವೇ ರೈಜೆನ್ 5 5600 ಮತ್ತು ಬಿ550. ಇಲ್ಲಿ 5600ಜಿ ಬೇಡ. ಅದರ ಎಲ್3 ಕ್ಯಾಶ್ 16 ಎಂಬಿ ಇದ್ದರೆ 5600ರಲ್ಲಿ 32 ಎಂಬಿ ಇದೆ. 5600ಜಿಯಲ್ಲಿ ಪಿಸಿಐಇ 3.0 ಮಾತ್ರ ಇರುವುದೂ ಒಂದು ಕೊರತೆ.

ಐದಾರು ವರ್ಷದ ಯೋಚನೆ ಇದ್ದು, ಬಜೆಟ್ ಸ್ವಲ್ಪ ಹಿಗ್ಗಿಸಬಲ್ಲವರು: ಎಎಂ5 ಸಾಕೆಟ್‌ನ ರೈಜೆನ್ 5 ಪ್ರೊಸೆಸರ್ ಮತ್ತು ಬಿ650 ಬೋರ್ಡ್. ಈ ಸಾಕೆಟ್‌ಗೆ 2027 ಮತ್ತು ಆಚೆಗೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಎಎಂ4 ವಿಷಯದಲ್ಲಿ ಕಂಪನಿ ಇದನ್ನು ಮಾಡಿ ತೋರಿಸಿದೆ. 2017ರ ಹಲವು ಎಎಂ4 ಬೋರ್ಡ್‌ಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿ ರೈಜೆನ್ 5000 ಸರಣಿಯ ಪ್ರೊಸೆಸರ್ ಹಾಕಲು ಸಾಧ್ಯವಾಯಿತು. ಇಂಟೆಲ್‌ನ ಎಲ್‌ಜಿಎ 1700ರಲ್ಲಿ 14ನೇ ತಲೆಮಾರಿನ ಪ್ರೊಸೆಸರ್‌ಗಳವರೆಗೆ ಮಾತ್ರ ಅಪ್‌ಗ್ರೇಡ್ ಸಾಧ್ಯ.

ಬಯಾಸ್ ಎಂಬ ತೊಡಕು

ಸಾಕೆಟ್, ಚಿಪ್‌ಸೆಟ್ ಎರಡೂ ಹೊಂದಿದರೂ ಪಿಸಿ ಆನ್ ಆಗದಿರಬಹುದು. ಅಂಗಡಿಯಲ್ಲಿ ಬಹುಕಾಲ ಉಳಿದ ಬೋರ್ಡ್‌ನ ಬಯಾಸ್ ಹಳೆಯದಾಗಿದ್ದರೆ ಹೊಸ ಪ್ರೊಸೆಸರ್ ಅದಕ್ಕೆ ಗುರುತು ಸಿಗದು. ಬಿ450 ಬೋರ್ಡ್ ಜೊತೆ ರೈಜೆನ್ 5000, ಬಿ660 ಅಥವಾ ಎಚ್610 ಜೊತೆ 13, 14ನೇ ತಲೆಮಾರು ಹಾಕುವಾಗ ಈ ತೊಂದರೆ ಬರಬಹುದು.

ಬಾಕ್ಸ್ ಮೇಲೆ 'ರೈಜೆನ್ 5000 ಡೆಸ್ಕ್‌ಟಾಪ್ ರೆಡಿ' ಎಂಬಂಥ ಸ್ಟಿಕ್ಕರ್ ಇದೆಯೇ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲೇ ಬಯಾಸ್ ಅಪ್‌ಡೇಟ್ ಮಾಡಿಸಿ, ಪರದೆಯಲ್ಲಿ ಚಿತ್ರ ಬರುವುದನ್ನು ನೋಡಿಯೇ ಹಣ ಕೊಡಿ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್ ಮೂಲಕ ಅಪ್‌ಡೇಟ್ ಮಾಡುವ ಸೌಲಭ್ಯವೂ ಇರುತ್ತದೆ.

13 ಮತ್ತು 14ನೇ ತಲೆಮಾರಿನ ಕೆಲವು ಹೆಚ್ಚು ಶಕ್ತಿಯ ಪ್ರೊಸೆಸರ್‌ಗಳು ಅಸ್ಥಿರವಾಗುವ ಸಮಸ್ಯೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಬಯಾಸ್ ಮೂಲಕವೇ ಪರಿಹಾರ ನೀಡಿತು. ಸೆಕೆಂಡ್ ಹ್ಯಾಂಡ್ ಐ7, ಐ9 ಕೊಳ್ಳುವವರು ಇದನ್ನು ನೆನಪಿಡಬೇಕು. 12ನೇ ತಲೆಮಾರಿಗೆ ಈ ಸಮಸ್ಯೆ ಇಲ್ಲ.

ಹಣ ಕೊಡುವ ಮುನ್ನ

* ಪ್ರೊಸೆಸರ್ ಬಾಕ್ಸ್ ಸಮೇತ ಇದೆಯೇ ನೋಡಿ. 'ಟ್ರೇ' ಎಂದು ಮಾರುವ ಬಿಡಿ ಪ್ರೊಸೆಸರ್ ಅಗ್ಗ, ಆದರೆ ಕೂಲರ್ ಇರದು. ಬಾಕ್ಸ್ ಪ್ರೊಸೆಸರ್‌ಗೆ ಇಂಟೆಲ್, ಎಎಂಡಿ ಕೊಡುವ 3 ವರ್ಷದ ವಾರಂಟಿಯೂ ಅದಕ್ಕೆ ಸಿಗದು.
* ಜಿಎಸ್‌ಟಿ ಬಿಲ್‌ನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ. ಬಿಲ್ ಬೇಡವೆಂದು ಸ್ವಲ್ಪ ಉಳಿಸಿದರೆ ವಾರಂಟಿ ಕೇಳುವಾಗ ಕೈಯಲ್ಲಿ ಏನೂ ಇರುವುದಿಲ್ಲ.
* ಇಂಟೆಲ್ ಮತ್ತು ಎಎಂ5 ಬೋರ್ಡ್‌ಗಳಲ್ಲಿ ಸೂಕ್ಷ್ಮ ಪಿನ್‌ಗಳು ಸಾಕೆಟ್‌ನಲ್ಲೇ ಇರುತ್ತವೆ. ಎಎಂ4ನಲ್ಲಿ ಅವು ಪ್ರೊಸೆಸರ್‌ನ ಅಡಿಯಲ್ಲಿರುತ್ತವೆ. ಹಳೆಯದನ್ನು ಕೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ, ಒಂದೂ ಬಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.
* ಬೆಲೆ ಹೋಲಿಸುವಾಗ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಕೂಡಿಸಿ ಹೋಲಿಸಿ. 'ಎಫ್' ಪ್ರೊಸೆಸರ್ ಆದರೆ ಗ್ರಾಫಿಕ್ಸ್ ಕಾರ್ಡ್ ಬೆಲೆಯೂ ಸೇರಲಿ.

ಪ್ರೊಸೆಸರ್ ಅಗ್ಗವಾಗಿ ಸಿಕ್ಕಿತೆಂದು ಆರಿಸಿದ ಜೋಡಿ ರ‍್ಯಾಮ್ ಸೇರಿಸಿದ ಮೇಲೆ ದುಬಾರಿಯಾಗಬಹುದು. ಆದ್ದರಿಂದ ಅಂಗಡಿಯಲ್ಲಿ 'ಐ3 ಬೇಕಾ, ಐ5 ಬೇಕಾ' ಎಂದು ಕೇಳಿದರೆ ಕೂಡಲೇ ಉತ್ತರಿಸಬೇಡಿ. ಯಾವ ತಲೆಮಾರು, ಯಾವ ಬೋರ್ಡ್, ಯಾವ ರ‍್ಯಾಮ್ ಎಂದು ಮೊದಲು ನೀವೇ ಕೇಳಿ. ಮೂರಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಗೆ ಹೋಗುವುದೇ ಲೇಸು.