ಕಳೆ ಅಂತ ಸುಟ್ಟ ಗೋಣಿಸೊಪ್ಪಿನ ಕಥೆ

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಕೆಲಸ ಬೇಗ ಮುಗೀಲಿ ಅಂತ ರಾಗಿ ಹೊಲದ ಬದುವಿಗೆ ಕಳೆನಾಶಕ ಹೊಡೆದೆ. ಅಜ್ಜಿ ಬಂದು ನೋಡಿ, "ಬೆರಕೆ ಸೊಪ್ಪಿಗೆ ಇನ್ನೆಲ್ಲಿಗೆ ಹೋಗ್ಲಿ ಮಗಾ?" ಅಂದ್ಲು. ನಾನು ಸುಟ್ಟಿದ್ದರಲ್ಲಿ ಗೋಣಿಸೊಪ್ಪೂ ಇತ್ತು. ಕೆಂಪು ದಂಟು, ದಪ್ಪ ಎಲೆ, ನೆಲಕ್ಕಂಟಿ ಹರಡುವ ಹುಳಿ ಸೊಪ್ಪು. ಇಂಗ್ಲಿಷಿನವರ ಪರ್ಸ್‌ಲೇನ್.

ಆ ಮಾತು ಚುಚ್ಚಿತು. ಈ ಸೊಪ್ಪಿನ ಇತಿಹಾಸ ಹುಡುಕಿದೆ.

ಅಮೆರಿಕ ಖಂಡಕ್ಕೆ ಇದನ್ನು ಯುರೋಪಿನವರು ತಂದರು ಅಂತ ಬಹುಕಾಲ ನಂಬಿದ್ದರು. ಆದರೆ ಕೆನಡಾದ ಕ್ರಾಫರ್ಡ್ ಕೆರೆಯ ಹೂಳಿನಲ್ಲಿ, ಕೊಲಂಬಸ್‌ಗೂ ಹಿಂದಿನ ಪದರಗಳಲ್ಲಿ, ಇದರ ಬೀಜ ಮತ್ತು ಪರಾಗ ಸಿಕ್ಕವು. 1975ರಲ್ಲಿ 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿತು. ಅದಕ್ಕೂ ಮುಂಚೆ, 1854ರ 'ವಾಲ್ಡನ್' ಪುಸ್ತಕದಲ್ಲಿ ಥೋರೋ, ತನ್ನ ಹೊಲದ ಇದೇ ಸೊಪ್ಪನ್ನು ಬೇಯಿಸಿ ಉಪ್ಪು ಹಾಕಿ ಊಟ ಮುಗಿಸಿದ್ದನ್ನು ಬರೆದಿದ್ದಾನೆ.

ನಿಜವಾದ ತಿರುವು 1986ರದ್ದು. ಗ್ರೀಸ್ ಮೂಲದ ವೈದ್ಯೆ ಆರ್ಟೆಮಿಸ್ ಸಿಮೊಪೌಲಸ್ ಮತ್ತು ನಾರ್ಮನ್ ಸೇಲಂ, ಈ ಸೊಪ್ಪಿನಲ್ಲಿ ಒಮೇಗಾ-3 ಇದೆ ಅಂತ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದರು. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 300ರಿಂದ 400 ಮಿಲಿಗ್ರಾಂ ಆಲ್ಫಾ-ಲಿನೋಲೆನಿಕ್ ಆಮ್ಲ! ಪಾಲಕ್‌ಗಿಂತ ಬಹಳ ಹೆಚ್ಚು. ಮುಂದೆ 1989ರಲ್ಲಿ, ಬಯಲಲ್ಲಿ ಮೇಯುವ ಗ್ರೀಸಿನ ಕೋಳಿಗಳ ಮೊಟ್ಟೆಯಲ್ಲೂ ಒಮೇಗಾ-3 ಹೆಚ್ಚಿದೆ ಅಂತ ಅವರೇ ತೋರಿಸಿದರು. ಆ ಕೋಳಿಗಳು ತಿನ್ನುತ್ತಿದ್ದ ಸೊಪ್ಪುಗಳಲ್ಲಿ ಇದೂ ಒಂದು.

ಇನ್ನೇನಿದೆ? ನೂರು ಗ್ರಾಂಗೆ 93 ಗ್ರಾಂ ನೀರೇ. ಉಳಿದದ್ದರಲ್ಲಿ ಸುಮಾರು 2 ಗ್ರಾಂ ಪ್ರೋಟೀನ್, 2 ಮಿಲಿಗ್ರಾಂ ಕಬ್ಬಿಣ, 21 ಮಿಲಿಗ್ರಾಂ ವಿಟಮಿನ್ ಸಿ, 68 ಮಿಲಿಗ್ರಾಂ ಮೆಗ್ನೀಸಿಯಂ.

ಆದ್ರೆ ಒಂದು ಮಾತು. ಇದು ಮೀನೆಣ್ಣೆಗೆ ಸಮ ಅಲ್ಲ. ಸೊಪ್ಪಿನ ಒಮೇಗಾ-3ಯಲ್ಲಿ ಸ್ವಲ್ಪ ಭಾಗವನ್ನಷ್ಟೇ ನಮ್ಮ ದೇಹ ಮೀನಿನ ಬಗೆಗೆ ಬದಲಿಸಿಕೊಳ್ಳುತ್ತೆ. ಆಕ್ಸಲೇಟೂ ಜಾಸ್ತಿ, ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. ಮದ್ದು ಹೊಡೆದ ಹೊಲದ್ದಂತೂ ಬೇಡವೇ ಬೇಡ.

"ಬೆಳಿಗ್ಗೆ ಕಿತ್ರೆ ಹುಳಿ, ಮಧ್ಯಾಹ್ನ ಕಿತ್ರೆ ಸಪ್ಪೆ" ಅಂತಿದ್ಲು ಅಜ್ಜಿ. ನಾನು ನಕ್ಕಿದ್ದೆ. ನೀರು ಕಮ್ಮಿಯಾದಾಗ ಈ ಗಿಡ ರಾತ್ರಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತೆ, ಹಗಲು ಖರ್ಚು ಮಾಡುತ್ತೆ. ಅಜ್ಜಿಯ ನಾಲಗೆಗೆ ಅದು ಮೊದಲೇ ಗೊತ್ತಿತ್ತು.

ಇದರ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತೆ. ಈ ಸಲ ಬದುವಿಗೆ ನಾನು ಮದ್ದು ಹೊಡೀಲಿಲ್ಲ. ಮೊನ್ನೆ ಅಜ್ಜಿ ಫೋನ್ ಮಾಡಿದ್ಲು: "ಮೂರು ಗಿಡ ಬಂದೈತೆ. ಈ ವರ್ಷ ಕೀಳಲ್ಲ, ಬೀಜ ಆಗ್ಲಿ."