ದೇವರಾಯ ಸಿಕ್ಕ, ಕಿತ್ತಯ್ಯ ಸಿಗಬೇಕು: ವಿಡಿಯೊ ಗೇಮ್‌ಗಳಲ್ಲಿ ಇತಿಹಾಸದ ಪಾಠ

2000ದ ಆಸುಪಾಸಿನಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ‘ಏಜ್ ಆಫ್ ಎಂಪೈರ್ಸ್ 2’ ಆಡಿ ಬೆಳೆದ ಒಂದು ತಲೆಮಾರೇ ಇದೆ. ಸ್ಕಾಟ್ಲೆಂಡಿನ ವಿಲಿಯಂ ವಾಲೇಸ್, ಫ್ರಾನ್ಸಿನ ಜೋನ್ ಆಫ್ ಆರ್ಕ್, ಸಲಾದಿನ್, ಚೆಂಗಿಸ್ ಖಾನ್ ಅವರಲ್ಲಿ ಅನೇಕರಿಗೆ ಮೊದಲು ಪರಿಚಯವಾದದ್ದು 1999ರಲ್ಲಿ ಬಂದ ಈ ಆಟದಲ್ಲೇ. ಇಮ್ಮಡಿ ಪುಲಕೇಶಿಗೆ ಅಲ್ಲಿ ಜಾಗವಿರಲಿಲ್ಲ. ಭಾರತವೇ ಇರಲಿಲ್ಲ.

ಆಟದಿಂದ ಇತಿಹಾಸ ಕಲಿಸುವ ಯೋಚನೆ ಅದಕ್ಕಿಂತ ತುಂಬಾ ಹಳೆಯದು. 1971ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡಾನ್ ರಾವಿಚ್ ಎಂಬ, ಇನ್ನೂ ತರಬೇತಿಯಲ್ಲಿದ್ದ ಶಿಕ್ಷಕ ಎಂಟನೇ ತರಗತಿಗೆ ಪಶ್ಚಿಮದತ್ತ ನಡೆದ ವಲಸೆಯ ಪಾಠ ಮಾಡಬೇಕಿತ್ತು. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ‘ದಿ ಒರೆಗಾನ್ ಟ್ರೇಲ್’ ಬರೆದರು. ಪರದೆ ಇರಲಿಲ್ಲ, ಟೆಲಿಟೈಪ್ ಯಂತ್ರ ಕಾಗದದ ಮೇಲೆ ಪ್ರಶ್ನೆ ಅಚ್ಚು ಹಾಕುತ್ತಿತ್ತು, ಮಕ್ಕಳು ಉತ್ತರ ಟೈಪ್ ಮಾಡುತ್ತಿದ್ದರು. ಆಹಾರಕ್ಕೆ ಎಷ್ಟು ಖರ್ಚು, ಎತ್ತುಗಳಿಗೆ ಎಷ್ಟು, ಮದ್ದುಗುಂಡಿಗೆ ಎಷ್ಟು? ಲೆಕ್ಕ ತಪ್ಪಿದರೆ ದಾರಿಯಲ್ಲೇ ಸಾವು. ವಲಸಿಗರ ಬವಣೆ ಮಕ್ಕಳಿಗೆ ಚೆನ್ನಾಗಿ ತಲುಪಿತು, ಆ ನೆಲದ ಮೂಲನಿವಾಸಿಗಳ ಪಾಡು ತಲುಪಲಿಲ್ಲ. ಆ ಕೊರತೆ ತುಂಬಲು ಮೂಲನಿವಾಸಿ ವಿದ್ವಾಂಸರನ್ನು ಕೂರಿಸಿಕೊಂಡು ಹೊಸ ಆವೃತ್ತಿ ಮಾಡಿದ್ದು 2021ರಲ್ಲಿ.

1991ರಲ್ಲಿ ಸಿಡ್ ಮಯರ್ ಅವರ ‘ಸಿವಿಲೈಸೇಶನ್’ ಬಂತು. ಅದರ ಮೂರನೇ ಆವೃತ್ತಿಯನ್ನು ತರಗತಿಯಲ್ಲಿ ಬಳಸಿ ಕರ್ಟ್ ಸ್ಕ್ವೈರ್ 2004ರಲ್ಲಿ ಪಿಎಚ್‌.ಡಿ. ಪ್ರಬಂಧ ಬರೆದರು. ಆಟ ಕೊಟ್ಟರೆ ಮಕ್ಕಳು ತಾವಾಗಿಯೇ ಕಲಿತುಬಿಡುತ್ತಾರೆಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು: ಆಟವೇ ಕಷ್ಟವೆಂದು ಕೆಲವರು ಕೈಬಿಟ್ಟರು. ಪಟ್ಟುಹಿಡಿದು ಆಡಿದವರು ಮಾತ್ರ ‘ನನ್ನ ರಾಜ್ಯ ಯಾಕೆ ಸೋತಿತು’ ಎಂದು ಕೇಳತೊಡಗಿದರು. ಒಳ್ಳೆಯ ಇತಿಹಾಸದ ಮೇಷ್ಟರು ವರ್ಷವಿಡೀ ಕಾಯುವುದು ಇಂಥ ಪ್ರಶ್ನೆಗೇ.

ಕನ್ನಡ ನಾಡು ಈ ಲೋಕಕ್ಕೆ ನಿಜವಾಗಿ ಕಾಲಿಟ್ಟದ್ದು ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ಆಟಗಳಲ್ಲಿ. ‘ಯುರೋಪಾ ಯೂನಿವರ್ಸಾಲಿಸ್ 4’ (2013) ಶುರುವಾಗುವುದು 1444ರ ನವೆಂಬರ್ 11ರಂದು. ನಕ್ಷೆಯಲ್ಲಿ ವಿಜಯನಗರ ಆರಿಸಿಕೊಂಡರೆ ಸಿಂಹಾಸನದಲ್ಲಿ ಇಮ್ಮಡಿ ದೇವರಾಯ, ಉತ್ತರದ ಗಡಿಯಲ್ಲಿ ಬಹಮನಿಗಳು. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಹಂಪಿಗೆ ಬಂದದ್ದು ಅದಕ್ಕೆ ಒಂದು ವರ್ಷ ಮುಂಚೆ. ಇಲ್ಲಿಂದ ಮುಂದೆ ಎಲ್ಲವೂ ಆಡುವವರ ಕೈಯಲ್ಲಿ. 1565ರ ತಾಳಿಕೋಟೆ ಯುದ್ಧ ನಡೆದೇ ತೀರಬೇಕೆಂದಿಲ್ಲ. ಕೃಷ್ಣಾ–ತುಂಗಭದ್ರೆಯರ ನಡುವಿನ ನೆಲಕ್ಕಾಗಿ ಎರಡು ರಾಜ್ಯಗಳು ಯಾಕೆ ಅಷ್ಟು ಹೊಡೆದಾಡಿದವು ಎಂಬುದು ನಾಲ್ಕಾರು ಯುದ್ಧ ಸೋತವರಿಗೆ ಪಠ್ಯದ ಪ್ಯಾರಾಕ್ಕಿಂತ ಬೇಗ ಅರ್ಥವಾಗುತ್ತದೆ. ಆದರೆ ರಜಾಕ್ ಬೆರಗಾಗಿ ನೋಡಿದ ಪೇಟೆಬೀದಿ, ಅಲ್ಲಿನ ಹೂವಿನ ಅಂಗಡಿ ಈ ಆಟದಲ್ಲಿಲ್ಲ. ಬೊಕ್ಕಸವೆಷ್ಟು, ಸೈನಿಕರೆಷ್ಟು ಎಂಬ ಅಂಕಿಗಳಷ್ಟೇ ಹಂಪಿಯ ಮುಖ.

ಅದೇ ಕಂಪನಿಯ ‘ಕ್ರುಸೇಡರ್ ಕಿಂಗ್ಸ್ 3’ (2020) ಆಟವನ್ನು ಕ್ರಿ.ಶ. 867ರಿಂದ ಆಡಿದರೆ ವೃದ್ಧ ಅಮೋಘವರ್ಷ ಎದುರಾಗುತ್ತಾನೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ದೊರೆಗೆ ಇಲ್ಲಿ ಮುಖ್ಯ ಚಿಂತೆ ಉತ್ತರಾಧಿಕಾರಿಯದು. ಮನೆತನದೊಳಗಿನ ಒಳಜಗಳಗಳು ರಾಜ್ಯದ ಹಣೆಬರಹ ಬರೆಯುವ ಬಗೆಯನ್ನು ಇಷ್ಟು ಚೆನ್ನಾಗಿ ತೋರಿಸುವ ಆಟ ಅಪರೂಪ.

‘ಏಜ್ ಆಫ್ ಎಂಪೈರ್ಸ್ 2’ 2022ರಲ್ಲಿ ಭಾರತದ ರಾಜವಂಶಗಳಿಗೆಂದೇ ಒಂದು ವಿಸ್ತರಣೆ ತಂದಿತು. ರಾಜೇಂದ್ರ ಚೋಳನಿಗೆ ಪೂರ್ತಿ ಕಥೆಯೇ ಸಿಕ್ಕಿತು. ಚಾಲುಕ್ಯ, ಹೊಯ್ಸಳರಿಗೆ ಪ್ರತ್ಯೇಕ ಗುರುತಿಲ್ಲ. ದಕ್ಷಿಣವೆಲ್ಲ ‘ದ್ರಾವಿಡ’ ಎಂಬ ಒಂದೇ ಚೀಲಕ್ಕೆ ಬಿತ್ತು, ಅದರ ಸೈನಿಕರು ಮಾತಾಡುವುದು ತಮಿಳು. ನಮ್ಮ ಕುಲುಮೆಗಳಲ್ಲೂ ತಯಾರಾಗಿ ಜಗತ್ತಿನಲ್ಲಿ ಹೆಸರು ಗಳಿಸಿದ ವೂಟ್ಸ್ ಉಕ್ಕು ಮಾತ್ರ ಅಲ್ಲಿದೆ: ಅದನ್ನು ಸಂಪಾದಿಸಿದವರ ಕತ್ತಿಗೆ ಶತ್ರುವಿನ ಕವಚ ಲೆಕ್ಕಕ್ಕೇ ಇಲ್ಲ.

2018ರಲ್ಲಿ ಯೂಬಿಸಾಫ್ಟ್ ಇನ್ನೊಂದು ದಾರಿ ತೋರಿಸಿತು. ‘ಅಸ್ಯಾಸಿನ್ಸ್ ಕ್ರೀಡ್’ ಆಟದಿಂದ ಹೊಡೆದಾಟ ತೆಗೆದು, ಟಾಲೆಮಿಗಳ ಕಾಲದ ಈಜಿಪ್ಟಿನಲ್ಲಿ ಸುಮ್ಮನೆ ತಿರುಗಾಡಿ ನೋಡುವ ‘ಡಿಸ್ಕವರಿ ಟೂರ್’ ಕೊಟ್ಟಿತು. ಶಾಲೆಗೆ ಹೊಂದುವ ಮಾದರಿ ಇದು.

ಅದೇ 2018ರಲ್ಲಿ, ಬೆಂಗಳೂರಿನ ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ದಕ್ಷಿಣಕ್ಕಿರುವ ಹೆಬ್ಬಾಳದಲ್ಲಿ ಚರಂಡಿಗೆಂದು ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ರಾಷ್ಟ್ರಕೂಟರ ದಾಳಿಯನ್ನು ತಡೆಯುತ್ತ ‘ಪೆರ್ಬೊಳಲ್ನಾಡು ಮೂವತ್ತು’ ಎಂಬ ಮೂವತ್ತು ಹಳ್ಳಿಗಳ ನಾಡಿಗಾಗಿ ಪ್ರಾಣ ಕೊಟ್ಟ ಕಿತ್ತಯ್ಯನ ಕಲ್ಲದು. ರಾಜರ ನಕ್ಷೆಯಲ್ಲಿ ಕಾಣದ ಇಂಥ ಮನುಷ್ಯರೇ ಈ ನಾಡಿನ ಶಾಸನಗಳ ತುಂಬ ಇದ್ದಾರೆ. ಮಿಥಿಕ್ ಸೊಸೈಟಿಯ ತಂಡ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳೂ ಸ್ಕ್ಯಾನಿನಲ್ಲಿ ಎದ್ದು ಕಾಣುತ್ತವೆ.

ಆಟ ಕಟ್ಟುವ ಕೈಗಳೂ ಇಲ್ಲೇ ಇವೆ. ದೇಶದ ಅತಿ ಹಳೆಯ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ ಕಂಪನಿ ಕೊಂಡುಕೊಂಡಿತು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ಕರ್ನಾಟಕ. ಆದರೂ ಇಲ್ಲಿನ ಕಲಾವಿದರ ದುಡಿಮೆಯ ದೊಡ್ಡ ಪಾಲು ಹೊರದೇಶದ ಆಟಗಳಿಗೆ ಹೋಗುತ್ತದೆ.

ಕಿತ್ತಯ್ಯನ ಊರು, ಅದರ ಕೆರೆ, ಮೂವತ್ತು ಹಳ್ಳಿಗಳ ನಾಡು, ಎದುರಿನ ಸೈನ್ಯ: ಎರಡು ಪೀರಿಯಡ್‌ಗಳಲ್ಲಿ ಆಡಿ ಮುಗಿಸಬಹುದಾದ ಒಂದು ಕನ್ನಡ ಆಟಕ್ಕೆ ಇಷ್ಟು ಸಾಮಗ್ರಿ ಸಾಕು. ಶಿಕ್ಷಣ ಇಲಾಖೆಯೂ ಐಟಿ–ಬಿಟಿ ಇಲಾಖೆಯೂ ಒಟ್ಟಿಗೆ ಕೂತು, ಶಾಸನತಜ್ಞರನ್ನು ಕರೆದು, ಬ್ಯಾಟರಾಯನಪುರ–ಯಲಹಂಕದ ಸರ್ಕಾರಿ ಶಾಲೆಗಳಿಂದಲೇ ಈ ಪ್ರಯೋಗ ಆರಂಭಿಸಲಿ.